ಸ್ಲೊವೇನಿಯಾದಲ್ಲಿ ಪೂರ್ವಜರ ಹುಡುಕಾಟ: ಚರ್ಚ್ ಪುಸ್ತಕಗಳೇ ಆಧಾರ

ಅಜ್ಜನ ಊರು ಯಾವುದು, ಅಜ್ಜಿಯ ತವರುಮನೆ ಎಲ್ಲಿತ್ತು ಎಂದು ವಿಚಾರಿಸಿ ಪರವೂರು ಪರದೇಶಗಳಿಂದ ಬರುವ ಪತ್ರಗಳು ನಮ್ಮ ಚರ್ಚ್ ಕಚೇರಿಗಳಿಗೆ ಹೊಸದಲ್ಲ. ಜ್ಞಾನಸ್ನಾನದ ಒಂದು ಪ್ರಮಾಣಪತ್ರಕ್ಕಾಗಿ ಹಳೆಯ ರಿಜಿಸ್ಟರ್ ತೆರೆದು ಪುಟ ಪುಟ ತಿರುವಿದ ಅನುಭವ ಹೆಚ್ಚಿನ ಧರ್ಮಗುರುಗಳಿಗೂ ಕಚೇರಿ ಸಿಬ್ಬಂದಿಗೂ ಇದೆ. ಇದೇ ಕೆಲಸ ಬಹಳ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವ ಒಂದು ಕಥೋಲಿಕ ನಾಡು ಮಧ್ಯ ಯುರೋಪಿನ ಸ್ಲೊವೇನಿಯಾ. ಅಲ್ಲಿಂದ ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳು ತಮ್ಮ ಮೂಲವನ್ನು ಹುಡುಕುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸುತ್ತೇವೆ. ಈ ಹುಡುಕಾಟಕ್ಕೆ ಮುಖ್ಯ ಆಧಾರ ಅಲ್ಲಿನ ಧರ್ಮಕೇಂದ್ರಗಳ ಗುರುಗಳು ಬರೆದಿಟ್ಟ ಪುಸ್ತಕಗಳು. ಆದ್ದರಿಂದ ಈ ವಿಷಯ ನಮಗೂ ತೀರ ದೂರದ್ದಲ್ಲ.

ನಾಡು ಮತ್ತು ಧರ್ಮಪ್ರಾಂತ್ಯಗಳು

ಸ್ಲೊವೇನಿಯಾದ ಜನಸಂಖ್ಯೆ ಸುಮಾರು 21 ಲಕ್ಷ. ರಾಜಧಾನಿ ಲ್ಯುಬ್ಲಿಯಾನಾ. 1991ರ ಜೂನ್ 25ರಂದು ಅದು ಸ್ವತಂತ್ರ ರಾಷ್ಟ್ರವೆಂದು ಘೋಷಿಸಿಕೊಂಡಿತು. ಅದಕ್ಕೆ ಮೊದಲು ಯುಗೊಸ್ಲಾವಿಯದ ಭಾಗವಾಗಿತ್ತು. 1918ರವರೆಗೆ ಅದರ ಬಹುಭಾಗ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಆಸ್ಟ್ರಿಯಾಕ್ಕೆ ಸೇರಿತ್ತು. ಕ್ರಾನ್ಸ್ಕಾ, ಷ್ಟಾಯರ್ಸ್ಕಾ, ಕೊರೋಷ್ಕಾ, ಗೊರಿಷ್ಕಾ, ಇಸ್ಟ್ರಿಯಾ ಎಂಬ ಪ್ರಾಂತ್ಯಗಳಲ್ಲಿ ಸ್ಲೊವೇನ್ ಜನರು ಹಂಚಿಹೋಗಿದ್ದರು. ಪೂರ್ವದ ಪ್ರೆಕ್ಮುರ್ಯೆ ಮಾತ್ರ ಹಂಗೇರಿಯ ಆಡಳಿತದಲ್ಲಿತ್ತು.

ಹೀಗಾಗಿ 1900ರ ಸುಮಾರಿಗೆ ಅಮೆರಿಕಕ್ಕೆ ಹೋದ ಸ್ಲೊವೇನ್ ಮನುಷ್ಯನ ಕಾಗದಪತ್ರಗಳಲ್ಲಿ ‘ಸ್ಲೊವೇನಿಯಾ’ ಎಂಬ ದೇಶದ ಹೆಸರೇ ಇರುವುದಿಲ್ಲ. ಆಸ್ಟ್ರಿಯಾ, ಕ್ರಾಯ್ನ್, ಅಪರೂಪಕ್ಕೆ ಹಂಗೇರಿ ಎಂದು ಇರುತ್ತದೆ. ಮೊಮ್ಮಗನು ‘ನಮ್ಮಜ್ಜ ಆಸ್ಟ್ರಿಯಾದವರು’ ಎಂದು ನಂಬಿ ವಿಯೆನ್ನಾದ ಕಡೆ ಹುಡುಕಲು ಹೊರಟರೆ ವರುಷಗಳು ವ್ಯರ್ಥವಾಗುತ್ತವೆ.

ಲ್ಯುಬ್ಲಿಯಾನಾ ಧರ್ಮಪ್ರಾಂತ್ಯವು 1461ರಲ್ಲಿ ಸ್ಥಾಪನೆಯಾಯಿತು. ಧರ್ಮಾಧ್ಯಕ್ಷ ಆಂತೊನ್ ಮಾರ್ಟಿನ್ ಸ್ಲೊಮ್ಷೆಕ್ ಅವರು 1859ರಲ್ಲಿ ತಮ್ಮ ಪೀಠವನ್ನು ಮಾರಿಬೋರ್ ನಗರಕ್ಕೆ ವರ್ಗಾಯಿಸಿ, ಷ್ಟಾಯರ್ಸ್ಕಾದ ಸ್ಲೊವೇನ್ ಕಥೋಲಿಕರನ್ನು ಒಂದೇ ಧರ್ಮಪ್ರಾಂತ್ಯದಡಿ ತಂದರು. ಸಂತ ದ್ವಿತೀಯ ಜಾನ್ ಪಾವ್ಲ್ ಜಗದ್ಗುರುಗಳು 1999ರ ಸೆಪ್ಟೆಂಬರ್ 19ರಂದು ಮಾರಿಬೋರ್‌ಗೆ ಬಂದು ಸ್ಲೊಮ್ಷೆಕ್ ಅವರನ್ನು ಪುನೀತರೆಂದು ಘೋಷಿಸಿದರು. 2006ರಲ್ಲಿ ತ್ಸೆಲ್ಯೆ, ನೋವೊ ಮೆಸ್ತೊ, ಮುರ್ಸ್ಕಾ ಸೋಬೋತಾ ಎಂಬ ಮೂರು ಹೊಸ ಧರ್ಮಪ್ರಾಂತ್ಯಗಳು ರಚನೆಯಾದವು. ಲ್ಯುಬ್ಲಿಯಾನಾ, ಮಾರಿಬೋರ್ ಮತ್ತು ಕೋಪೆರ್ ಸೇರಿ ಈಗ ಒಟ್ಟು ಆರು. ಹುಡುಕುವವರು ಈ ವಿವರವನ್ನು ನೆನಪಿಡಬೇಕು. ಧರ್ಮಪ್ರಾಂತ್ಯ ಹೊಸದಾದರೂ ಹಳೆಯ ಪುಸ್ತಕಗಳು ಸಾಮಾನ್ಯವಾಗಿ ಹಿಂದಿನ ಧರ್ಮಪ್ರಾಂತ್ಯದ ಪತ್ರಾಗಾರದಲ್ಲೇ ಇರುತ್ತವೆ.

ಪುಸ್ತಕಗಳು ಬಂದ ಬಗೆ

ಟ್ರೆಂಟ್ ಮಹಾಸಭೆಯು 1563ರಲ್ಲಿ ಪ್ರತಿಯೊಂದು ವಿವಾಹವನ್ನೂ ಧರ್ಮಗುರುಗಳು ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿತು. 1614ರಲ್ಲಿ ಐದನೇ ಪಾವ್ಲ್ ಜಗದ್ಗುರುಗಳು ಹೊರಡಿಸಿದ ರೋಮನ್ ವಿಧಿಗ್ರಂಥವು ಐದು ಪುಸ್ತಕಗಳಿಗೆ ಮಾದರಿ ಕೊಟ್ಟಿತು: ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಕುಟುಂಬಗಳ ವಿವರವಿರುವ ‘ಆತ್ಮಗಳ ಸ್ಥಿತಿ’ ಪುಸ್ತಕ.

ಮುಂದಿನ ದೊಡ್ಡ ಬದಲಾವಣೆ ಆಸ್ಟ್ರಿಯಾದ ಅರಸರಿಂದ ಬಂತು. ಸೈನ್ಯಕ್ಕೆ ಜನ ಸೇರಿಸುವ ಉದ್ದೇಶದಿಂದ 1770ರಲ್ಲಿ ರಾಣಿ ಮರಿಯಾ ತೆರೇಸಾ ಮನೆಗಳಿಗೆ ನಂಬ್ರ ಹಾಕಿಸಿದಳು. ಅವಳ ಮಗ ಚಕ್ರವರ್ತಿ ಎರಡನೇ ಜೋಸೆಫ್ 1784ರ ಫೆಬ್ರವರಿ 20ರಂದು ಹೊರಡಿಸಿದ ಆಜ್ಞೆಯಂತೆ ಜನನ, ವಿವಾಹ, ಮರಣಗಳಿಗೆ ಬೇರೆ ಬೇರೆ ಪುಸ್ತಕಗಳು, ಪ್ರತಿ ಪುಸ್ತಕದಲ್ಲೂ ಗೆರೆ ಎಳೆದ ಅಂಕಣಗಳು, ಅವುಗಳಲ್ಲಿ ಮನೆ ನಂಬ್ರದ ಅಂಕಣ ಕಡ್ಡಾಯವಾದವು. ಧರ್ಮಗುರುಗಳ ಪುಸ್ತಕವೇ ಸರ್ಕಾರಿ ದಾಖಲೆಯೂ ಆಯಿತು.

ಪ್ರೆಕ್ಮುರ್ಯೆಯಲ್ಲಿ ಹಂಗೇರಿಯ ಕಾನೂನಿನಂತೆ 1895ರ ಅಕ್ಟೋಬರ್‌ನಿಂದ ಸರ್ಕಾರಿ ನೋಂದಣಿ ಆರಂಭವಾಯಿತು. ನಾಡಿನ ಹೆಚ್ಚಿನ ಭಾಗದಲ್ಲಿ ಮಾತ್ರ ಚರ್ಚ್ ಪುಸ್ತಕಗಳೇ ಎರಡನೇ ಮಹಾಯುದ್ಧದವರೆಗೆ ಅಧಿಕೃತ ದಾಖಲೆಗಳಾಗಿದ್ದವು. 1946ರಲ್ಲಿ ಯುಗೊಸ್ಲಾವಿಯದ ಕಮ್ಯುನಿಸ್ಟ್ ಸರ್ಕಾರ ನೋಂದಣಿಯನ್ನು ತನ್ನ ಕೈಗೆ ತೆಗೆದುಕೊಂಡಿತು. ಆಗ ಅನೇಕ ಧರ್ಮಕೇಂದ್ರಗಳ ಪುಸ್ತಕಗಳನ್ನೂ ಸರ್ಕಾರಿ ಕಚೇರಿಗಳು ಒಯ್ದವು.

ಮೊದಲ ಹೆಜ್ಜೆ: ಮನೆಯ ಪೆಟ್ಟಿಗೆ

ಹುಡುಕಾಟ ಸ್ಲೊವೇನಿಯಾದಿಂದ ಆರಂಭವಾಗುವುದಿಲ್ಲ, ಹುಡುಕುವವರ ಮನೆಯಿಂದಲೇ ಆರಂಭವಾಗುತ್ತದೆ. ಹಳೆಯ ಪತ್ರಗಳು, ಅಂಚೆ ಮುದ್ರೆ ಇರುವ ಲಕೋಟೆಗಳು, ಪ್ರಾರ್ಥನಾ ಪುಸ್ತಕದೊಳಗಿನ ಮರಣ ಸ್ಮರಣೆಯ ಚೀಟಿಗಳು, ಫೋಟೋದ ಹಿಂಬದಿಯ ಬರಹ, ಸಮಾಧಿ ಕಲ್ಲು ಇವೆಲ್ಲವನ್ನೂ ನೋಡಬೇಕು. ಮನೆಯ ಹಿರಿಯರು ಜೀವಂತವಿರುವಾಗಲೇ ಅವರ ಬಾಯಿಂದ ಕೇಳಿ ಬರೆದುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ.

ಅಮೆರಿಕಕ್ಕೆ ಹೋದವರ ವಿಷಯದಲ್ಲಿ ಹಡಗಿನ ಪ್ರಯಾಣಿಕರ ಪಟ್ಟಿ, ಪೌರತ್ವದ ಅರ್ಜಿ ಮತ್ತು ಜನಗಣತಿ ದಾಖಲೆಗಳು ಸಿಗುತ್ತವೆ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ಕೇಂದ್ರ 1892ರಿಂದ 1954ರವರೆಗೆ ಕೆಲಸ ಮಾಡಿತು. ಅಲ್ಲಿಗೆ ಬಂದಿಳಿದವರ ಪಟ್ಟಿಗಳನ್ನು ಅಂತರ್ಜಾಲದಲ್ಲಿ ನೋಡಬಹುದು. 1910ರ ಅಮೆರಿಕನ್ ಜನಗಣತಿಯಲ್ಲಿ ಮಾತೃಭಾಷೆಯನ್ನೂ ಕೇಳಲಾಗಿತ್ತು. ‘ಆಸ್ಟ್ರಿಯಾ’ ಎಂದಿದ್ದವರು ನಿಜವಾಗಿ ಸ್ಲೊವೇನರೇ ಎಂದು ತಿಳಿಯಲು ಇದು ಸಹಾಯಕ.

ವಲಸಿಗರು ಹೋದಲ್ಲೆಲ್ಲ ತಮ್ಮ ಚರ್ಚ್ ಕಟ್ಟಿಕೊಂಡರು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಸಂತ ಜೋಸೆಫರ ಧರ್ಮಕೇಂದ್ರ, ಕ್ಲೀವ್‌ಲ್ಯಾಂಡ್‌ನಲ್ಲಿ ಸಂತ ವೀಟುಸರ ಧರ್ಮಕೇಂದ್ರ ಹಾಗೆ ಹುಟ್ಟಿದವು. 1894ರಲ್ಲಿ ಜೋಲಿಯೆಟ್‌ನಲ್ಲೇ ಸ್ಲೊವೇನ್ ಕಥೋಲಿಕರ ಪರಸ್ಪರ ಸಹಾಯ ಸಂಘವೊಂದು ಸ್ಥಾಪನೆಯಾಯಿತು. ಸರ್ಕಾರಿ ದಾಖಲೆಯಲ್ಲಿ ದೇಶದ ಹೆಸರು ಮಾತ್ರ ಇದ್ದಾಗ, ಇಂಥ ಧರ್ಮಕೇಂದ್ರದ ವಿವಾಹ ಪುಸ್ತಕದಲ್ಲಿ ಹುಟ್ಟೂರಿನ ಹೆಸರು ಸಿಗುವ ಸಂಭವ ಹೆಚ್ಚು. ಬರೆದ ಗುರುಗಳು ಸ್ಲೊವೇನರಾಗಿದ್ದರೆ ಊರಿನ ಹೆಸರನ್ನು ಕೇಳಿದೊಡನೆ ಸರಿಯಾಗಿ ಬರೆಯಬಲ್ಲವರಾಗಿದ್ದರು.

ಎರಡನೇ ಹೆಜ್ಜೆ: ಊರು ಮತ್ತು ಧರ್ಮಕೇಂದ್ರ

ಕುಲನಾಮ ಒಂದರಿಂದಲೇ ಹುಡುಕಲು ಆಗುವುದಿಲ್ಲ. ಸ್ಲೊವೇನಿಯಾದಲ್ಲಿ ಅತಿ ಹೆಚ್ಚು ಜನರಿಗಿರುವ ಕುಲನಾಮ ನೋವಾಕ್. ಅದರ ಅರ್ಥ ‘ಹೊಸದಾಗಿ ಬಂದವನು’. ಕೊವಾಚ್ ಎಂದರೆ ಕಮ್ಮಾರ, ಮ್ಲಿನಾರ್ ಎಂದರೆ ಹಿಟ್ಟಿನ ಗಿರಣಿಯವನು. ಇಂಥ ಹೆಸರುಗಳು ಪ್ರತಿ ಕಣಿವೆಯಲ್ಲೂ ಇವೆ. ಊರು ಗೊತ್ತಾಗದೆ ಮುಂದೆ ಹೋಗುವುದು ಅಸಾಧ್ಯ.

ಊರಿನ ಹೆಸರಿನಲ್ಲೂ ಮೂರು ತೊಡಕುಗಳಿವೆ. ಮೊದಲನೆಯದು, ಒಂದೇ ಹೆಸರಿನ ಅನೇಕ ಊರುಗಳು. ‘ವಾಸ್’ ಎಂದರೆ ಹಳ್ಳಿ. ನೋವಾ ವಾಸ್ ಎಂದರೆ ಹೊಸಹಳ್ಳಿ, ದೊಲೆನ್ಯಾ ವಾಸ್ ಎಂದರೆ ಕೆಳಗಿನ ಹಳ್ಳಿ. ನಮ್ಮಲ್ಲಿ ಹೊಸಹಳ್ಳಿಗಳು ಎಷ್ಟಿವೆಯೋ ಅಲ್ಲಿಯೂ ಹಾಗೆಯೇ.

ಎರಡನೆಯದು, ಭಾಷೆ. ಹಳೆಯ ದಾಖಲೆಗಳಲ್ಲಿ ಊರುಗಳಿಗೆ ಜರ್ಮನ್ ಹೆಸರುಗಳಿವೆ. ಲ್ಯುಬ್ಲಿಯಾನಾಕ್ಕೆ ಲಾಯ್ಬಾಖ್, ಮಾರಿಬೋರ್‌ಗೆ ಮಾರ್ಬುರ್ಗ್, ತ್ಸೆಲ್ಯೆಗೆ ತ್ಸಿಲ್ಲಿ, ನೋವೊ ಮೆಸ್ತೊಗೆ ರುಡೊಲ್ಫ್ಸ್‌ವೆರ್ಟ್, ಕೊಚೆವ್ಯೆಗೆ ಗೊಟ್ಷೇ. ಕರಾವಳಿಯ ಕೋಪೆರ್ ಇಟಾಲಿಯನ್ ದಾಖಲೆಗಳಲ್ಲಿ ಕಾಪೊದಿಸ್ತ್ರಿಯಾ.

ಮೂರನೆಯದು, ರಾಜಕೀಯ. ಕಮ್ಯುನಿಸ್ಟ್ ಆಡಳಿತದಲ್ಲಿ 1948ರ ಒಂದು ಕಾನೂನನ್ನು ಆಧರಿಸಿ ಸಂತರ ಹೆಸರಿದ್ದ ಅನೇಕ ಊರುಗಳ ಹೆಸರನ್ನು ಬದಲಿಸಲಾಯಿತು. ಪವಿತ್ರ ಶಿಲುಬೆ ಎಂಬ ಅರ್ಥದ ಸ್ವೇತಿ ಕ್ರಿಜ್ ಎಂಬ ಊರು 1952ರಲ್ಲಿ ಪೊದ್ಬೊಚ್ಯೆ ಆಯಿತು. ಅಜ್ಜಿಯ ಪತ್ರದಲ್ಲಿರುವ ಊರು ಇಂದಿನ ನಕ್ಷೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ಅಜ್ಜಿ ತಪ್ಪು ಹೇಳಿದರು ಎಂದುಕೊಳ್ಳಬಾರದು.

ಊರು ಸಿಕ್ಕಿದ ಮೇಲೆ ಆ ಊರು ಆಗ ಯಾವ ಧರ್ಮಕೇಂದ್ರಕ್ಕೆ ಸೇರಿತ್ತು ಎಂದು ತಿಳಿಯಬೇಕು. ಒಂದು ಧರ್ಮಕೇಂದ್ರದಲ್ಲಿ ಹಲವು ಹಳ್ಳಿಗಳಿರುತ್ತವೆ. ಒಂದು ಧರ್ಮಕೇಂದ್ರ ಒಡೆದು ಎರಡಾದಾಗ ಹಳೆಯ ದಾಖಲೆಗಳು ತಾಯಿ ಧರ್ಮಕೇಂದ್ರದ ಪುಸ್ತಕದಲ್ಲಿಯೇ ಉಳಿಯುತ್ತವೆ.

ಮೂರನೇ ಹೆಜ್ಜೆ: ಪುಸ್ತಕ ಎಲ್ಲಿದೆ?

ಹಳೆಯ ಪುಸ್ತಕಗಳ ಬಹುಪಾಲು ಈಗ ಲ್ಯುಬ್ಲಿಯಾನಾ ಮತ್ತು ಮಾರಿಬೋರ್‌ನ ಮಹಾಧರ್ಮಪ್ರಾಂತ್ಯಗಳ ಪತ್ರಾಗಾರಗಳಲ್ಲಿ ಹಾಗೂ ಕೋಪೆರ್ ಧರ್ಮಪ್ರಾಂತ್ಯದ ಪತ್ರಾಗಾರದಲ್ಲಿ ಸುರಕ್ಷಿತವಾಗಿವೆ. ಲ್ಯುಬ್ಲಿಯಾನಾ ಮತ್ತು ಮಾರಿಬೋರ್‌ನ ಬಹಳಷ್ಟು ಪುಸ್ತಕಗಳ ಪುಟಗಳ ಚಿತ್ರಗಳನ್ನು ‘ಮಾತ್ರಿಕುಲಾ’ ಎಂಬ ಅಂತರ್ಜಾಲ ತಾಣದಲ್ಲಿ ಹಣ ಕೊಡದೆ ನೋಡಬಹುದು. ಪುಟಗಳ ಚಿತ್ರಗಳಿವೆಯೇ ಹೊರತು ಹೆಸರು ಹಾಕಿ ಹುಡುಕುವ ಸೌಲಭ್ಯವನ್ನು ನಿರೀಕ್ಷಿಸಬಾರದು. ಪುಸ್ತಕವನ್ನು ಕೈಯಲ್ಲಿ ಹಿಡಿದವರಂತೆಯೇ ಪುಟ ಪುಟ ಓದಬೇಕು.

ಇತ್ತೀಚಿನ ದಶಕಗಳ ದಾಖಲೆಗಳು ಸಾರ್ವಜನಿಕರಿಗೆ ತೆರೆದಿಲ್ಲ. ಅವುಗಳಲ್ಲಿ ಜೀವಂತವಿರುವವರ ವಿವರಗಳಿರುವುದೇ ಕಾರಣ. ಅವಕ್ಕಾಗಿ ಸಂಬಂಧದ ಆಧಾರ ತೋರಿಸಿ ಸರ್ಕಾರದ ಸ್ಥಳೀಯ ಆಡಳಿತ ಕಚೇರಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ.

ಯುದ್ಧಗಳಿಂದ ಕೆಲವು ಪುಸ್ತಕಗಳು ನಾಶವಾದವು. 1915ರಿಂದ 1917ರವರೆಗೆ ಸೋಚಾ ನದಿಯ ದಂಡೆಯಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ನಡುವೆ ಹನ್ನೆರಡು ಕದನಗಳು ನಡೆದವು. ಆ ಕಣಿವೆಯ ಜನ ಮನೆಮಠ ಬಿಟ್ಟು ವಾಗ್ನಾ, ಬ್ರುಕ್ ಮುಂತಾದ ಕಡೆಗಳ ನಿರಾಶ್ರಿತ ಶಿಬಿರಗಳಲ್ಲಿ ವಾಸಿಸಿದರು. ಆ ವರ್ಷಗಳ ಜನನ ಮರಣಗಳು ಊರಿನ ಪುಸ್ತಕದಲ್ಲಿ ಕಾಣದಿದ್ದರೆ ಶಿಬಿರಗಳ ದಾಖಲೆಗಳಲ್ಲಿ ನೋಡಬೇಕು.

ನಾಲ್ಕನೇ ಹೆಜ್ಜೆ: ಬರಹವನ್ನು ಓದುವುದು

ಪುಸ್ತಕಗಳ ಭಾಷೆ ಕಾಲಕ್ಕೆ ತಕ್ಕಂತೆ ಲ್ಯಾಟಿನ್, ಜರ್ಮನ್, ಸ್ಲೊವೇನ್. ಪ್ರೆಕ್ಮುರ್ಯೆಯಲ್ಲಿ ಹಂಗೇರಿಯನ್ ಕೂಡ ಇದೆ. ಪೂರ್ತಿ ಭಾಷೆ ಬಾರದಿದ್ದರೂ ಅಡ್ಡಿಯಿಲ್ಲ. ಅಂಕಣಗಳ ತಲೆಬರಹ ಮತ್ತು ಐವತ್ತು ಅರವತ್ತು ಪದಗಳು ಗೊತ್ತಾದರೆ ಕೆಲಸ ನಡೆಯುತ್ತದೆ. ಜರ್ಮನ್‌ನ ಹಳೆಯ ಕೈಬರಹ ಮಾತ್ರ ಬಹಳ ಕಷ್ಟ. ಅದರಲ್ಲಿ ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ. ಅದೇ ಗುರುಗಳ ಕೈಬರಹದಲ್ಲಿ ಗೊತ್ತಿರುವ ಹೆಸರುಗಳನ್ನು ಮೊದಲು ಓದಿ ಅಕ್ಷರಗಳ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯ ಉಪಾಯ.

ತಿಂಗಳುಗಳನ್ನು ಬರೆಯುವಾಗ 7 ಎಂಬ ಅಂಕಿಯ ಮುಂದೆ ‘ಬರ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ಟೆಂ’ ಎಂದರೆ ಏಳು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್.

ಹೆಸರುಗಳೂ ಭಾಷೆಯೊಂದಿಗೆ ರೂಪ ಬದಲಿಸುತ್ತವೆ. ಮನೆಯಲ್ಲಿ ಯಾನೆಜ್ ಆದವನು ಲ್ಯಾಟಿನ್‌ನಲ್ಲಿ ಯೊವಾನ್ನೆಸ್, ಜರ್ಮನ್‌ನಲ್ಲಿ ಯೊಹಾನ್, ಅಮೆರಿಕದಲ್ಲಿ ಜಾನ್. ಯೂರಿ ಎಂದರೆ ಜಾರ್ಜ್, ಯೆರ್ನೇ ಎಂದರೆ ಬಾರ್ತೊಲೊಮೆಯ, ನೇಜಾ ಎಂದರೆ ಆಗ್ನೆಸ್. ಇದು ನಮಗೆ ಹೊಸದಲ್ಲ. ಪುಸ್ತಕದಲ್ಲಿ ಬರೆದ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು ಎಂಬುದು ನಮ್ಮ ಕಡೆಯೂ ರೂಢಿ.

ಕುಲನಾಮಗಳ ಕಾಗುಣಿತವೂ ಒಂದೇ ಇರುವುದಿಲ್ಲ. ‘ಚ’ ಧ್ವನಿಗೆ ಇಂದಿನ ಸ್ಲೊವೇನ್‌ನಲ್ಲಿ ಮೇಲೆ ಗುರುತು ಹಾಕಿದ ‘ಸಿ’ ಅಕ್ಷರ ಬಳಸುತ್ತಾರೆ. 1840ರ ದಶಕಕ್ಕೆ ಮೊದಲಿನ ಹಳೆಯ ಬೊಹೊರಿಚ್ ಕ್ರಮದಲ್ಲಿ ಅದಕ್ಕೆ ‘ಝಡ್’ ಮತ್ತು ‘ಎಚ್’ ಸೇರಿಸಿ ಬರೆಯುತ್ತಿದ್ದರು. ಜರ್ಮನ್ ಗುಮಾಸ್ತ ಅದನ್ನೇ ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಿದ್ದ. ಹೀಗೆ ಒಂದೇ ಕುಟುಂಬ ಮೂರು ಕಾಗುಣಿತಗಳಲ್ಲಿ ಕಾಣಸಿಗುತ್ತದೆ. ಇಟಲಿಯ ಆಳ್ವಿಕೆಗೆ ಹೋದ ಪಶ್ಚಿಮ ಭಾಗದಲ್ಲಿ 1927ರ ನಂತರ ಫ್ಯಾಸಿಸ್ಟ್ ಸರ್ಕಾರ ಕುಲನಾಮಗಳನ್ನೇ ಇಟಾಲಿಯನ್ ರೂಪಕ್ಕೆ ಬದಲಿಸಿತು. ಆ ಭಾಗದವರು ಎರಡೂ ರೂಪಗಳಲ್ಲಿ ಹುಡುಕಬೇಕು.

ಐದನೇ ಹೆಜ್ಜೆ: ಮನೆ ನಂಬ್ರ ಮತ್ತು ಮನೆ ಹೆಸರು

ಇಷ್ಟೆಲ್ಲ ಗೊಂದಲದ ನಡುವೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದದ್ದು ಮನೆ ನಂಬ್ರ. ಒಂದೇ ಧರ್ಮಕೇಂದ್ರದಲ್ಲಿ ಒಂದೇ ವರ್ಷ ಇಬ್ಬರು ಯಾನೆಜ್ ನೋವಾಕ್ ಹುಟ್ಟಿರಬಹುದು. ಒಬ್ಬನು 7ನೇ ಮನೆಯವನು, ಇನ್ನೊಬ್ಬನು 23ನೇ ಮನೆಯವನು. ನಮ್ಮವನು ಯಾರೆಂದು ಹೇಳುವುದು ನಂಬ್ರ. ಅದೇ ಹಳ್ಳಿಯ ಅದೇ ನಂಬ್ರವನ್ನು ಹಿಡಿದು ಜ್ಞಾನಸ್ನಾನ, ವಿವಾಹ, ಮರಣ ಪುಸ್ತಕಗಳನ್ನು ಓದುತ್ತ ಹೋದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಜ್ಜ ಅಜ್ಜಿ ಎಲ್ಲರೂ ಒಂದೊಂದಾಗಿ ಸಿಗುತ್ತಾರೆ.

ನಂಬ್ರದ ಜೊತೆಗೆ ಪ್ರತಿ ಹೊಲಮನೆಗೆ ಒಂದು ಮನೆ ಹೆಸರೂ ಇರುತ್ತಿತ್ತು. ಮಗಳಿರುವ ಮನೆಗೆ ಅಳಿಯನಾಗಿ ಬಂದವನ ಕುಲನಾಮ ಬೇರೆಯೇ ಆದರೂ ಊರಿನವರು ಅವನನ್ನು ಆ ಮನೆಯ ಹೆಸರಿನಿಂದಲೇ ಕರೆಯುತ್ತಿದ್ದರು. ವಲಸೆ ಹೋದವರ ಕುಟುಂಬದಲ್ಲಿ ನೆನಪಿನಲ್ಲಿ ಉಳಿದಿರುವ ಹೆಸರು ಕೆಲವೊಮ್ಮೆ ಕುಲನಾಮವಲ್ಲ, ಮನೆ ಹೆಸರು.

‘ಆತ್ಮಗಳ ಸ್ಥಿತಿ’ ಪುಸ್ತಕ ಸಿಕ್ಕಿದರೆ ಅದೊಂದು ದೊಡ್ಡ ಭಾಗ್ಯ. ಅದರಲ್ಲಿ ಒಂದು ಮನೆಗೆ ಒಂದು ಪುಟ. ಯಜಮಾನ, ಹೆಂಡತಿ, ಮಕ್ಕಳು, ಮುದುಕ ತಂದೆ ತಾಯಿ, ಕೆಲಸದಾಳು ಎಲ್ಲರ ಹೆಸರು ಮತ್ತು ದಿನಾಂಕಗಳು ಒಂದೇ ಕಡೆ ಇರುತ್ತವೆ. ಕೆಲವು ಹೆಸರುಗಳ ಮುಂದೆ ಗುರುಗಳು ‘ಅಮೆರಿಕದಲ್ಲಿ’ ಎಂದು ಗುರುತು ಹಾಕಿದ್ದಾರೆ. ಸಮುದ್ರದಾಚೆ ಹೋದವರ ಮೊಮ್ಮಕ್ಕಳು ಹುಡುಕುತ್ತ ಬರುವುದು ಆ ಒಂದು ಪದಕ್ಕಾಗಿ.

ಇದಲ್ಲದೆ ಲ್ಯುಬ್ಲಿಯಾನಾದ ಹಳೆಯ ಜನಗಣತಿ ಹಾಳೆಗಳು, ಎರಡು ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿಗಳು ‘ಸಿಸ್ಟೊರಿ’ ಎಂಬ ಇತಿಹಾಸ ತಾಣದಲ್ಲಿವೆ. ಚಕ್ರವರ್ತಿ ಫ್ರಾನ್ಸಿಸ್ 1817ರಲ್ಲಿ ಆಜ್ಞಾಪಿಸಿದ ಭೂಮಾಪನದ ನಕ್ಷೆಗಳು ಸ್ಲೊವೇನಿಯಾ ಗಣರಾಜ್ಯದ ಪತ್ರಾಗಾರದಲ್ಲಿವೆ. ಮನೆ ಎಲ್ಲಿತ್ತು, ಹೊಲ ಎಷ್ಟಿತ್ತು ಎಂದು ಅವುಗಳಿಂದ ತಿಳಿಯಬಹುದು. ಮಾರ್ಗದರ್ಶನ ನೀಡಲು 1995ರಲ್ಲಿ ಹುಟ್ಟಿದ ಸ್ಲೊವೇನ್ ವಂಶಾವಳಿ ಸಂಘವೂ ಇದೆ.

ಒಂದು ಉದಾಹರಣೆ

ಅಮೆರಿಕದ ಮೂಲನಿವಾಸಿಗಳ ನಡುವೆ ಸೇವೆ ಸಲ್ಲಿಸಿದ ಧರ್ಮಾಧ್ಯಕ್ಷ ಫ್ರೆಡರಿಕ್ ಬರಾಗಾ ಅವರ ಹೆಸರು ಹಲವರಿಗೆ ಪರಿಚಿತ. ಅವರು 1797ರ ಜೂನ್ 29ರಂದು ದೊಬರ್ನಿಚ್ ಧರ್ಮಕೇಂದ್ರದ ಮಾಲಾ ವಾಸ್ ಎಂಬಲ್ಲಿ ಹುಟ್ಟಿದರು. ಜ್ಞಾನಸ್ನಾನದ ಹೆಸರು ಇರೆನೆಯುಸ್ ಫ್ರೆಡರಿಕ್. ಬಳಕೆಗೆ ಬಂದದ್ದು ಎರಡನೇ ಹೆಸರು ಮಾತ್ರ. 1823ರಲ್ಲಿ ಗುರುದೀಕ್ಷೆ ಪಡೆದು 1830ರಲ್ಲಿ ಅಮೆರಿಕಕ್ಕೆ ಹೋದ ಅವರು ಮಾರ್ಕೆಟ್ ಎಂಬಲ್ಲಿ 1868ರ ಜನವರಿ 19ರಂದು ನಿಧನರಾದರು. 2012ರಲ್ಲಿ ಧರ್ಮಸಭೆ ಅವರನ್ನು ಪೂಜನೀಯರೆಂದು ಘೋಷಿಸಿತು. ಅವರಂಥ ಪ್ರಸಿದ್ಧರ ಬಗ್ಗೆ ಹಲವು ದಾಖಲೆಗಳಿವೆ. ಆದರೆ ‘ಫ್ರೆಡರಿಕ್, ಆಸ್ಟ್ರಿಯಾ’ ಎಂದಷ್ಟೇ ತಿಳಿದಿರುವ ಒಬ್ಬ ಸಾಮಾನ್ಯ ಗಣಿ ಕಾರ್ಮಿಕನಾಗಿದ್ದರೆ? ಊರು ಗೊತ್ತಿಲ್ಲದೆ, ಮೊದಲನೇ ಹೆಸರು ಬೇರೆ ಇದೆಯೆಂದು ತಿಳಿಯದೆ, ಮೊಮ್ಮಕ್ಕಳು ಅವನ ಸಾಲಿನ ಮೇಲೆಯೇ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದರು.

ಎಚ್ಚರಿಕೆಗಳು

1. ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವ ರೂಢಿಯಿತ್ತು. ಆದ್ದರಿಂದ ಮರಣ ಪುಸ್ತಕವನ್ನು ನೋಡದೆ ಜ್ಞಾನಸ್ನಾನದ ದಾಖಲೆಯನ್ನು ಒಪ್ಪಬಾರದು.

2. ಮರಣದ ದಾಖಲೆಯಲ್ಲಿ ಬರೆದ ವಯಸ್ಸು ಅಂದಾಜಿನದಾಗಿರಬಹುದು. ಹತ್ತು ವರ್ಷ ಹಿಂದೆ ಮುಂದೆ ನೋಡಬೇಕು.

3. ಕಾಲಕಾಲಕ್ಕೆ ಮನೆ ನಂಬ್ರಗಳು ಬದಲಾಗಿವೆ. ನಂಬ್ರ ಬದಲಾದ ವರ್ಷವನ್ನು ಗುರುತಿಸಿಕೊಳ್ಳಬೇಕು.

4. ತಂದೆಯ ಅಂಕಣ ಖಾಲಿಯಿರುವ ದಾಖಲೆಗಳೂ ಸಿಗುತ್ತವೆ. ಆ ತಾಯಿ ಮಗುವಿನ ಬಗ್ಗೆ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಇಂಥ ವಿವರವನ್ನು ಕುಟುಂಬದವರಿಗೆ ತಿಳಿಸುವಾಗ ಗೌರವವಿರಲಿ, ಊರಿಗೆ ಸಾರುವುದು ಬೇಡ.

5. ಧರ್ಮಕೇಂದ್ರಕ್ಕೆ ಪತ್ರ ಬರೆಯುವಾಗ ಹೆಸರು, ಅಂದಾಜು ವರ್ಷ, ಹಳ್ಳಿ, ಗೊತ್ತಿದ್ದರೆ ಮನೆ ನಂಬ್ರ ಇಷ್ಟನ್ನು ಚಿಕ್ಕದಾಗಿ ಬರೆಯಬೇಕು. ಒಬ್ಬರೇ ಗುರುಗಳು ಹಲವು ಕೆಲಸ ನೋಡಿಕೊಳ್ಳುತ್ತಿರುತ್ತಾರೆ. ಒಂದು ಪತ್ರದಲ್ಲಿ ಇಡೀ ವಂಶವೃಕ್ಷ ಕೇಳುವುದು ಸರಿಯಲ್ಲ.

ನಮ್ಮ ಧರ್ಮಕೇಂದ್ರಗಳಿಗೆ ಇದರಿಂದ ಏನು?

ಸ್ಲೊವೇನಿಯಾದ ಮನೆ ಮನೆಯ ದಾಖಲೆಗೆ 1784ರ ಆಜ್ಞೆ ಗಟ್ಟಿ ಬುನಾದಿ ಹಾಕಿತು. ಅದೇ 1784ರಲ್ಲಿ ನಮ್ಮ ಕರಾವಳಿಯ ಕಥೋಲಿಕರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದರು, ಚರ್ಚ್‌ಗಳು ನೆಲಸಮವಾದವು. 1799ರ ನಂತರ ಮರಳಿ ಬಂದವರು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಪುಸ್ತಕ ಕಳೆದುಹೋದರೆ ಒಂದು ಜನಾಂಗ ಏನನ್ನು ಕಳೆದುಕೊಳ್ಳುತ್ತದೆ ಎಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಂದಿನ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿ ಸ್ಲೊವೇನಿಯಾಕ್ಕೂ ನಮಗೂ ಒಂದೇ. ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ, ವಿವಾಹ, ಮರಣ ಪುಸ್ತಕಗಳಿರಬೇಕು, ಅವುಗಳನ್ನು ಸರಿಯಾಗಿ ಬರೆದು ಜೋಪಾನ ಮಾಡಬೇಕು, ಹಳೆಯ ಪುಸ್ತಕಗಳನ್ನು ಎಚ್ಚರಿಕೆಯಿಂದ ಕಾಪಾಡಬೇಕು ಎಂದು ಅದು ಹೇಳುತ್ತದೆ. ದೃಢೀಕರಣ, ವಿವಾಹ, ಗುರುದೀಕ್ಷೆಗಳ ವಿವರವನ್ನು ಜ್ಞಾನಸ್ನಾನದ ಪುಸ್ತಕದಲ್ಲಿ ಸೇರಿಸುವುದೂ ಅದೇ ವಿಧಿಯಲ್ಲಿದೆ.

ಆದ್ದರಿಂದ ಚರ್ಚ್ ಕಚೇರಿಯಲ್ಲಿ ಕೆಲಸ ಮಾಡುವವರಲ್ಲಿ ನಮ್ಮ ವಿನಂತಿ ಇಷ್ಟೇ. ತಂದೆ ತಾಯಿಯ ಪೂರ್ಣ ಹೆಸರನ್ನು, ತಾಯಿಯ ತವರಿನ ಕುಲನಾಮವನ್ನು, ವಾಳೆ ಮತ್ತು ಮನೆ ಹೆಸರನ್ನು ಬಿಡದೆ ಬರೆಯಿರಿ. ಅಕ್ಷರ ಸ್ಪಷ್ಟವಾಗಿರಲಿ. ಪುಸ್ತಕಗಳನ್ನು ಗೆದ್ದಲು ಮತ್ತು ಮಳೆಗಾಲದ ತೇವದಿಂದ ಕಾಪಾಡಿ. ವಾಳೆಯ ಗುರಿಕಾರರು ಕುಟುಂಬದ ವಿವರ ಸಂಗ್ರಹಿಸುವಾಗ ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಇರುವ ಮಕ್ಕಳ ಹೆಸರನ್ನೂ ಸೇರಿಸಲಿ.

ಸ್ಲೊವೇನಿಯಾದ ಹಳ್ಳಿಯ ಗುರುಗಳು ಮೇಣದ ಬತ್ತಿಯ ಬೆಳಕಿನಲ್ಲಿ ಬರೆದ ಒಂದು ಸಾಲು ಇನ್ನೂರು ವರ್ಷಗಳ ನಂತರ ಯಾರದೋ ಮನೆಯವರನ್ನು ಒಟ್ಟುಗೂಡಿಸುತ್ತಿದೆ. ಇಂದು ಸಂಜೆ ನಾವು ರಿಜಿಸ್ಟರ್‌ನಲ್ಲಿ ಬರೆಯುವ ಸಾಲನ್ನೂ ಮುಂದೆ ಯಾರೋ ಹುಡುಕಿಕೊಂಡು ಬಂದಾರು. ಅವರಿಗೆ ಅದು ಸರಿಯಾಗಿ ಸಿಗುವಂತೆ ಬರೆದಿಡೋಣ.